ಹಿಟ್ಟಿನ ಶಿಲುಬೆ

ಸತ್ತವರಿಗೆ ಪ್ರಾರ್ಥನೆ ಹೇಳುವುದು ನನ್ನ ಕಸುಬು. ಪಾದ್ರಿಗಳು ಈ ಗುಡ್ಡ ಹತ್ತಿ ಬರುವುದು ಹಬ್ಬಕ್ಕೆ ಮಾತ್ರ. ಉಳಿದ ದಿನಗಳಲ್ಲಿ ನಮ್ಮೂರು ಅಗುವಾ ಸಾರ್ಕಾದ ಹೆಣಗಳಿಗೆಲ್ಲ ಲಿಬ್ರಾದಾ ಎಂಬ ನಾನೇ ಗತಿ. ಮೊದಲು ಇಲ್ಲಿ ಗಸಗಸೆ ಬೆಳೆದು ಅಫೀಮು ತೆಗೆಯುತ್ತಿದ್ದರು; ಈಗ ಕಾಡಿನೊಳಗೆ ಡ್ರಮ್ಮಿಟ್ಟು ಅಮಲಿನ ಬಿಳಿ ಹರಳು ಬೇಯಿಸುತ್ತಾರೆ. ಬೇಯಿಸುವವರೂ ನಮ್ಮ ಹುಡುಗರೇ, ಸಾಯುವವರೂ ನಮ್ಮ ಹುಡುಗರೇ. ಕೊಂದವನ ಮನೆಯಲ್ಲೂ ಸತ್ತವನ ಮನೆಯಲ್ಲೂ ಒಂದೇ ಜಪಮಾಲೆ ಹಿಡಿದು ಕುಳಿತಿದ್ದೇನೆ. ಯಾರ ಮಗ ಎಂದು ಕೇಳುತ್ತೇನೆ, ಯಾರು ಹೊಡೆದರು ಎಂದು ಕೇಳುವುದಿಲ್ಲ. ಅದಕ್ಕೇ ಇನ್ನೂ ಬದುಕಿದ್ದೇನೆ.

ನಿಕೋಲಾಸಾಳ ಒಬ್ಬನೇ ಮಗ ಫೆರ್ಮಿನ್ ಆ ಹರಳು ಬೇಯಿಸುವವರಲ್ಲಿ ಒಬ್ಬ. ಒಂದು ದಿನ ಸೈನಿಕರು ಬಂದು ಭಟ್ಟಿಗೆ ಬೆಂಕಿಯಿಟ್ಟರು. ಅಂದು ಅವನೊಬ್ಬ ಮಾತ್ರ ಅಲ್ಲಿರಲಿಲ್ಲ. ಜ್ವರ ಬಂದು ಮನೆಯಲ್ಲಿ ಮಲಗಿದ್ದನಂತೆ. ಜ್ವರವನ್ನು ನಂಬುವಷ್ಟು ಮೆತ್ತಗಿನವರಲ್ಲ ಆ ಭಟ್ಟಿಯ ಯಜಮಾನರು. ಸುಳಿವು ಕೊಟ್ಟವನು ಇವನೇ ಎಂದು ತೀರ್ಮಾನವಾಯಿತು. ಹಿಡಿಯಲು ಜನ ಬರುವಷ್ಟರಲ್ಲಿ ಅವನ ಗಾಡಿ ತುಂಬಿದ ಹೊಳೆಯಲ್ಲಿ ಮಗುಚಿ ಬಿದ್ದಿತ್ತು. ಹೆಣ ಸಿಗಲಿಲ್ಲ. ನಿಕೋಲಾಸಾ ಅವನ ಬೂಟು, ಟೋಪಿ, ಒಂದು ಇಸ್ತ್ರಿ ಮಾಡಿದ ಅಂಗಿ ಇಟ್ಟು ಪೆಟ್ಟಿಗೆ ಮುಚ್ಚಿಸಿ ಹೂಳಿಸಿದಳು.

ಪೆಟ್ಟಿಗೆ ಮಣ್ಣಿಗೆ ಹೋದ ಮೇಲೂ ಮನೆಯಲ್ಲಿ ಒಂಬತ್ತು ದಿನ ಪ್ರಾರ್ಥನೆ. ಪೆಟ್ಟಿಗೆ ಇಟ್ಟಿದ್ದ ಜಾಗದಲ್ಲಿ ನೆಲದ ಮೇಲೆ ಸುಣ್ಣದ ಶಿಲುಬೆ. ಕೊನೆಯ ದಿನ ಆ ಸುಣ್ಣವನ್ನು ಬಾಚಿ ಒಯ್ದು ಗೋರಿಯಲ್ಲಿ ಹೂಳುತ್ತೇವೆ. ಅದು ಮಣ್ಣು ಸೇರುವವರೆಗೆ ಸತ್ತವನು ಪೂರ್ತಿ ಸತ್ತ ಹಾಗಲ್ಲ. ಮಗ ಸತ್ತರೆ ಶಿಲುಬೆ ಹಾಕುವುದು ತಾಯಿಯ ಕೆಲಸ. ನಾನು ಹೋಗುವಷ್ಟರಲ್ಲಿ ನಿಕೋಲಾಸಾ ಹಾಕಿ ಮುಗಿಸಿದ್ದಳು.

ಯಜಮಾನರ ಕಡೆಯಿಂದ ಉಬಾಲ್ದೋ ದಿನವೂ ಬರುತ್ತಿದ್ದ. ನಮ್ಮೂರಿನವನೇ, ಮೊಣಕಾಲ ಮೇಲೆ ಟೋಪಿಯಿಟ್ಟು ಮುಂದಿನ ಕುರ್ಚಿಯಲ್ಲೇ ಕೂರುತ್ತಿದ್ದ. ದುಃಖಕ್ಕೆ ಬಂದವನಲ್ಲ ಅವನು. ಹೆಣವಿಲ್ಲದ ಸಾವನ್ನು ನಂಬಬೇಕೋ ಬೇಡವೋ ಎಂದು ನೋಡಿಕೊಂಡು ಬರಲು ಕಳಿಸಿದ್ದರು. ಸುಳ್ಳೆಂದು ಗೊತ್ತಾದರೆ ಹುಡುಕಿಸುತ್ತಾರೆ, ಅವರು ಹುಡುಕಿಸಿದರೆ ಸಿಗದವರು ಯಾರೂ ಇಲ್ಲ.

ಒಂದು ಮಧ್ಯಾಹ್ನ ಪ್ರಾರ್ಥನೆ ಹೇಳುತ್ತಿದ್ದಾಗ ನನ್ನ ಕಣ್ಣು ನೆಲಕ್ಕೆ ಹೋಯಿತು. ಹೊಸ್ತಿಲಿನಿಂದ ಹೊರಟ ಇರುವೆಗಳ ಸಾಲು ಉಬಾಲ್ದೋನ ಬೂಟಿನ ಪಕ್ಕದಲ್ಲೇ ಹಾದು ಶಿಲುಬೆಯ ಬಲಗೈಗೆ ಮುತ್ತಿತ್ತು. ಒಂದೊಂದೂ ಬಿಳಿ ಚೂರು ಹೊತ್ತು ವಾಪಸು ಹೊರಟಿತ್ತು. ಸುಣ್ಣಕ್ಕೆ ಇರುವೆ ಮುತ್ತುವುದನ್ನು ಯಾರಾದರೂ ಕಂಡಿದ್ದೀರಾ?

ಅದು ಸುಣ್ಣವಲ್ಲ. ಹುಡುಗ ಬದುಕಿದ್ದಾನೆ! ಗಾಡಿ ಹೊಳೆಗೆ ನೂಕಿ, ಖಾಲಿ ಪೆಟ್ಟಿಗೆ ಹೂಳಿಸಿ, ಊರೆಲ್ಲ ಕೇಳುವಂತೆ ಅತ್ತು, ಎಲ್ಲವನ್ನೂ ಸರಿಯಾಗಿ ಮಾಡಿದ ಈ ಹೆಂಗಸು ಇದೊಂದರಲ್ಲಿ ಎಡವಿದ್ದಳಲ್ಲ! ಮೈಯೆಲ್ಲ ಉರಿದುಹೋಯಿತು. ಆದರೆ ಬದುಕಿರುವ ಮಗನಿಗೆ ಸುಣ್ಣದ ಶಿಲುಬೆ ಹಾಕುವ ತಾಯಿ ಈ ಗುಡ್ಡದಲ್ಲಿ ಇನ್ನೂ ಹುಟ್ಟಿಲ್ಲ. ಹಾಕಿದರೆ ಅವನನ್ನು ಕೈಯಾರೆ ಕಳಿಸಿಕೊಟ್ಟ ಹಾಗೆ. ನನಗಾದರೂ ಕೈ ಬರುತ್ತಿರಲಿಲ್ಲ.

ಉಬಾಲ್ದೋ ಬಗ್ಗಿ ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡ. ಬಿಳಿ ಪುಡಿ ಕಂಡರೆ ರುಚಿ ನೋಡುವುದು ಅವರ ಕಸುಬಿನ ಚಾಳಿ.

"ಚಿಕ್ಕಮ್ಮಾ, ಇದು ಮೈದಾ ಹಿಟ್ಟು," ಎಂದ, ನನ್ನ ಕಡೆ ತಿರುಗಿ.

ನಿಕೋಲಾಸಾಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ಹೂಂ, ಮೈದಾನೇ. ನಾನೇ ಹಾಕ್ಸಿದ್ದು," ಎಂದೆ. "ಶಿಲುಬೆ ನೆಕ್ಕಿ ನೋಡ್ತೀಯಲ್ಲೋ ಪಾಪಿ, ಇದೇನು ನಿಮ್ ಭಟ್ಟೀ ಮಾಲಾ?"

ಹಿಂದೆ ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಉಬಾಲ್ದೋ ನಗಲಿಲ್ಲ.

"ದಿನಾ ರೊಟ್ಟಿಗೆ ಅಂತ ಸುಣ್ಣ ಹಾಕಿ ಮೆಕ್ಕೆಜೋಳ ಬೇಯ್ಸೋ ಮನೇಲಿ ಸುಣ್ಣಕ್ಕೆ ಬರಾನಾ?"

"ಮಳೇಲಿ ನೆಂದು ಕಲ್ಲಾಗಿತ್ತಪ್ಪ. ಹೆಣಾನೇ ಇಲ್ದಿರೋ ಸಾವಿಗೆ ಇಷ್ಟು ಸಾಕು ಅನ್ಕೊಂಡೆ."

"ನಮ್ಮವ್ವ ಸತ್ತಾಗ ಮೂರ್ಮೂರು ಸಲ ಅಳಿಸಿ ಹಾಕ್ಸಿದ್ರಿ, ಸೊಟ್ಟ ಆಯ್ತು ಅಂತ." ಅವನು ದನಿ ಏರಿಸಲೇ ಇಲ್ಲ. "ಇರ್ಲಿ ಬಿಡಿ. ತಪ್ಪಾಗಿದ್ರೆ ಸರಿಮಾಡೋಣ. ಪಕ್ಕದ ಮನೆಯಿಂದ ಸುಣ್ಣ ತನ್ನಿ ಯಾರಾದ್ರೂ. ನಿಕೋಲಾಸಾ ಅವ್ವನೇ ಕೈಯಾರೆ ಹಾಕ್ಲಿ."

ಸುಣ್ಣ ಬಂತು. ನಾನು ಹಿಟ್ಟನ್ನು ಬಾಚಿ ಮಡಿಲಿಗೆ ಕಟ್ಟಿಕೊಂಡೆ. ನಿಕೋಲಾಸಾ ಬಟ್ಟಲು ಹಿಡಿದು ನಿಂತೇ ಇದ್ದಳು. ಹಾಕಿದರೆ ಮಗ ಸಾಯುತ್ತಾನೆಂದು ಅವಳ ನಂಬಿಕೆ, ಹಾಕದಿದ್ದರೆ ಖಂಡಿತ ಸಾಯುತ್ತಾನೆ. ಉಬಾಲ್ದೋ ಅವಳ ಕೈಯನ್ನೇ ನೋಡುತ್ತಿದ್ದ.

"ಹಾಕೇ," ಎಂದೆ, ಗದರಿಸಿದಂತೆ. "ಜನ ಎಷ್ಟೊತ್ತು ಕೂತಿರ್ಬೇಕು?"

ಅವಳು ನನ್ನನ್ನು ನೋಡಿದ ಆ ನೋಟವನ್ನು ನಾನು ಗೋರಿಗೂ ಹೊತ್ತುಕೊಂಡು ಹೋಗುತ್ತೇನೆ. ಆಮೇಲೆ ಕೂತಳು. ಗೆರೆ ಎಳೆದಳು, ಅಡ್ಡಗೆರೆ ಎಳೆದಳು. ಒಂದಿಷ್ಟೂ ಸೊಟ್ಟವಾಗಲಿಲ್ಲ. ಉಬಾಲ್ದೋ ಎದ್ದು ಬಂದು ಅವಳ ಕೈಗೆ ಮುತ್ತಿಟ್ಟು, "ಬರ್ತೀನಿ ಅವ್ವಾ, ಧೈರ್ಯ ತಗೊಳ್ಳಿ," ಎಂದು ಹೊರಟ.

ಕೊನೆಯ ದಿನ ಅವನು ಸ್ಮಶಾನದವರೆಗೂ ಜೊತೆಗೆ ಬಂದ. ಗೋರಿಯಲ್ಲಿ ಬಿಳಿ ಗಂಟು ಇಟ್ಟು ಮಣ್ಣು ಮುಚ್ಚಿದ್ದನ್ನು ಕಣ್ಣಾರೆ ಕಂಡು ಹೋದ. ಆ ಗಂಟಿನಲ್ಲಿದ್ದದ್ದು ನಾನು ಅಂದು ಮಡಿಲಿಗೆ ಕಟ್ಟಿಕೊಂಡಿದ್ದ ಹಿಟ್ಟು. ನೆಲದಿಂದ ಬಾಚಿದ ಸುಣ್ಣವನ್ನು ನಾನು ಹಂದಿಕೊಬ್ಬಿನ ಹಳೇ ಡಬ್ಬದಲ್ಲಿ ತುಂಬಿ ನಮ್ಮ ಮನೆಯ ಅಟ್ಟದಲ್ಲಿಟ್ಟಿದ್ದೆ. ಇಷ್ಟು ವರ್ಷ ನಿಯತ್ತಾಗಿ ಮಾಡಿಕೊಂಡು ಬಂದ ಕೆಲಸಕ್ಕೆ ನಾನೇ ಮೋಸ ಮಾಡಿದ್ದೆ. ಇದನ್ನು ನಿಕೋಲಾಸಾಳಿಗೆ ಹೇಳಿದೆ.

"ಸುಣ್ಣ ಮಣ್ಣು ಸೇರಿಲ್ಲ ಕಣೇ. ನನ್ ಹತ್ರ ಇದೆ. ಅದು ಇರೋವರ್ಗೂ ಅವನು ಬದುಕಿರೋನೇ."

ಅವಳು ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡಳು. ಅವನು ಎಲ್ಲಿದ್ದಾನೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಗಾಗ ಸುಮ್ಮಸುಮ್ಮನೆ ಸಿಹಿ ರೊಟ್ಟಿ ಮಾಡಿ ತಂದುಕೊಡುತ್ತಿದ್ದಳು. ಓಡಿಹೋದವರೆಲ್ಲ ಸೇರುವ ಉತ್ತರದಿಂದ ಏನೋ ಸುದ್ದಿ ಬಂದಿರಬೇಕು ಎಂದುಕೊಂಡು ತಿನ್ನುತ್ತಿದ್ದೆ.

ಎರಡು ಮಳೆಗಾಲ ಹೀಗೆ ಕಳೆಯಿತು. ಒಂದು ಮಧ್ಯಾಹ್ನ ಬಂದವಳು ಬಾಗಿಲಲ್ಲೇ ನಿಂತಳು.

"ಆ ಡಬ್ಬ ಕೊಡು."

ಅವಳನ್ನು ಒಳಗೆಳೆದು ಬಾಗಿಲು ಹಾಕಿದೆ. "ಅವ್ರು ಹುಡುಕ್ಬಿಟ್ರಾ?"

"ಇಲ್ಲ. ಟೊಮೆಟೊ ತೋಟದಲ್ಲಿ ಕೂಲಿಗಿದ್ದ. ಜ್ವರ ಬಂತಂತೆ."

ಜ್ವರ! ಅಂದು ಯಾರೂ ನಂಬದ ಜ್ವರ. ನನಗೆ ದೇವರ ಮೇಲೇ ಸಿಟ್ಟು ಬಂತು.

"ನನ್ ಕೈಯಿಂದಾನೇ ಅಲ್ವಾ ಲಿಬ್ರಾದಾ? ಅವತ್ತು ಸುಣ್ಣದಲ್ಲಿ ಹಾಕಿದ್ನಲ್ಲ."

"ಬಾಯಿ ಮುಚ್ಚು. ನಿನ್ ಕೈಯಿಂದಾನೇ ಅವನು ಇಷ್ಟು ದಿನ ಬದುಕಿದ್ದು," ಎಂದು ಬೈದೆ. ಅವಳು ನಂಬಿದಳೋ ಇಲ್ಲವೋ. ನಿಜ ಹೇಳಬೇಕೆಂದರೆ, ನನಗೇ ಗೊತ್ತಿಲ್ಲ.

ಊರಿನ ಪಾಲಿಗೆ ಅವನು ಎಂದೋ ಸತ್ತವನು. ಎರಡನೇ ಸಲ ಸಾಯುವ ಹಾಗಿಲ್ಲ, ಅವಳು ಎರಡನೇ ಸಲ ಅಳುವ ಹಾಗಿಲ್ಲ. ಅವಳ ಅಡಿಗೆಮನೆಯ ಬಾಗಿಲು ಹಾಕಿಕೊಂಡು ನಾವಿಬ್ಬರೇ ಕೂತೆವು. ಡಬ್ಬದ ಸುಣ್ಣದಲ್ಲಿ ಅವಳು ಮತ್ತೆ ಶಿಲುಬೆ ಹಾಕಿದಳು. ನಾನು ಪಿಸುಮಾತಿನಲ್ಲಿ ಪ್ರಾರ್ಥನೆ ಹೇಳಿದೆ. ಅವಳು ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು.

ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಇರುವೆಗಳು ಸಾಲಾಗಿ ಬಂದವು. ನಿಕೋಲಾಸಾ ಉಸಿರು ಬಿಗಿಹಿಡಿದು ನೋಡಿದಳು. ಅವು ಶಿಲುಬೆಯ ಹತ್ತಿರದವರೆಗೂ ಬಂದು, ನಿಂತು, ಬಳಸಿಕೊಂಡು ಹೊರಟುಹೋದವು.