ಸಾಹೇಬನ ಮುನಿಸು

ನಾಯಿ ನನ್ನ ಜೊತೆ ಮಾತು ಬಿಟ್ಟಿದೆ ಎಂದರೆ ಯಾರಾದರೂ ನಗುತ್ತಾರೆ. ಅದಕ್ಕೇ ಗಡಿಯಾರ ರಿಪೇರಿಯವನು ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳೋಣವೆಂದರೆ ಬೇರೆ ಯಾರೂ ಇರಲೂ ಇಲ್ಲ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ, ನಡುವೆ ಒಂದು ಪರದೆ. ಇದ್ದವರು ಅವನು ಮತ್ತು ನಾಯಿ, ಇಬ್ಬರೇ. ಗಿರಾಕಿಗಳಿಗೆಂದು ಇಟ್ಟ ಕುರ್ಚಿಯನ್ನು ಮರಿಯಾಗಿದ್ದಾಗಲೇ ವಶಪಡಿಸಿಕೊಂಡು ಬಂದವರನ್ನೆಲ್ಲ ನಿಲ್ಲಿಸಿಯೇ ಇಡುತ್ತಿದ್ದುದರಿಂದ ಅದಕ್ಕೆ ಸಾಹೇಬ ಎಂದು ಹೆಸರು ಬಿದ್ದಿತ್ತು.

ಈ ಸಾಹೇಬ ಮೂರು ವಾರದಿಂದ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಬೆಳಿಗ್ಗೆ ಷಟರ್ ಎತ್ತಿದ ಸದ್ದಿಗೇ ಓಡಿ ಬರುತ್ತಿದ್ದವನು ಈಗ ಗೋಡೆಗೆ ಮುಖ ಮಾಡಿ ಮಲಗೇ ಇರುತ್ತಿದ್ದ. ಬಿಸ್ಕತ್ತಿನ ಡಬ್ಬಿ ಅಲ್ಲಾಡಿಸಿದರೂ ಅಷ್ಟೇ. ತಲೆ ಸವರಲು ಹೋದರೆ ಬೆಚ್ಚಿಬಿದ್ದು, ತಲೆ ಕೊಡವಿ, ಆಚೆ ಸರಿಯುತ್ತಿದ್ದ. ಒಂದು ಸಲ ಗುರ್ ಎಂದೂ ಬಿಟ್ಟ.

ಗಡಿಯಾರದವನು ತಲೆ ಕೆಡಿಸಿಕೊಂಡ. ಹಳೇ ಗೋಡೆ ಗಡಿಯಾರವೊಂದರ ಕೆಲಸ ಹಿಡಿದು ನಾಲ್ಕು ದಿನ ನಾಯಿಯನ್ನು ತಿರುಗಾಡಿಸಲು ಹೋಗಿರಲಿಲ್ಲ, ಅದಕ್ಕೇ ಇರಬೇಕು ಅಂದುಕೊಂಡ. ಮುನಿಸು ಅವನ ಮನೆತನಕ್ಕೆ ಹೊಸದೇನಲ್ಲ. ಕೂಗಾಡಿ ಮುಗಿಸಿಕೊಳ್ಳುವ ಜನವಲ್ಲ ಅವರು, ಮಾತು ಬಿಟ್ಟು ಕೂರುವವರು. ಅಪ್ಪ ಚಿಕ್ಕಪ್ಪನ ಜೊತೆ ಮಾತು ಬಿಟ್ಟೇ ತೀರಿಕೊಂಡಿದ್ದ. ಸ್ವಂತ ಅಕ್ಕ ಇವನ ಜೊತೆ ಮಾತು ಬಿಟ್ಟು ಆರು ವರ್ಷವಾಗಿತ್ತು. ಅಮ್ಮ ಹೋದ ದಿನ ಇವನು ತಡವಾಗಿ ಬಂದನೆಂದು, "ಇವತ್ತೂ ನಿನಗೆ ಗಡಿಯಾರಾನೇ ಹೆಚ್ಚಾಯ್ತಾ?" ಅಂದಿದ್ದಳು. ಇವನೂ ಬಾಯಿಗೆ ಬಂದದ್ದು ಅಂದಿದ್ದ. ತಿಂಗಳಾದ ಮೇಲೆ ಮನಸ್ಸು ತಡೆಯದೆ ಅವಳ ಮನೆಗೆ ಹೋದಾಗ ಅಕ್ಕ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಗೇಟಿನಲ್ಲಿ ನಿಂತು ಮೂರು ಸಲ "ಅಕ್ಕಾ" ಎಂದು ಕರೆದ. ಅವಳು ತಿರುಗಲಿಲ್ಲ. ಒಂದೊಂದೇ ಬಟ್ಟೆ ಕೊಡವಿ ಹರವುತ್ತಲೇ ಇದ್ದಳು. ಆ ಬೆನ್ನನ್ನು ನೋಡಿ ವಾಪಸು ಬಂದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಈಗ ನಾಯಿಯೂ ಬೆನ್ನು ತೋರಿಸಿತಲ್ಲ! ಸರಿ, ನನಗೂ ಬರುತ್ತೆ ಎಂದು ಅವನೂ ಮಾತು ಬಿಟ್ಟ. ತಟ್ಟೆಗೆ ಊಟ ಹಾಕಿ ಸುಮ್ಮನೆ ಬಂದು ಕೂರುತ್ತಿದ್ದ. ಎರಡು ದಿನ ಮನೆಯಲ್ಲಿ ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದೇ ಇಲ್ಲ. ಅಷ್ಟೊಂದು ಗಡಿಯಾರಗಳಿದ್ದೂ ಹೊತ್ತು ಮಾತ್ರ ಹೋಗುತ್ತಿರಲಿಲ್ಲ. ಇದೂ ನನ್ನನ್ನು ಬೇಡ ಅಂದರೆ ನನಗೆ ಇನ್ಯಾರಿದ್ದಾರೆ ಎಂದು ಅವನಿಗೆ ಅಳು ಬರುವಂತಾಗುತ್ತಿತ್ತು.

ಮೂರನೇ ದಿನ ಮಧ್ಯಾಹ್ನ, ರಿಪೇರಿಯಾದ ಅಲಾರಂ ಗಡಿಯಾರವೊಂದು ಸಾಹೇಬನ ಕುರ್ಚಿಯ ಹಿಂದಿನ ಕಪಾಟಿನಲ್ಲಿ ಬಡಿದುಕೊಂಡಿತು. ಬೀದಿಯಲ್ಲಿ ಹೋಗುವವರೂ ತಿರುಗಿ ನೋಡಿದರು. ಸಾಹೇಬನ ಕಿವಿಯ ತುದಿಯೂ ಅಲುಗಲಿಲ್ಲ. ಗಡಿಯಾರದವನು ಎದ್ದು ಇನ್ನೊಂದನ್ನು ತಂದು ಅದರ ತಲೆಯ ಹಿಂದೆಯೇ ಬಾರಿಸಿದ. ಊಹೂಂ. ಮೆಲ್ಲಗೆ ಕಿವಿ ಎತ್ತಿ ನೋಡಿದರೆ ಒಳಗೆಲ್ಲ ಕೆಂಪು, ಕಂದು ಬಣ್ಣದ ಗುಗ್ಗೆ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಮೂರು ವಾರ ನೋವು ತಿಂದ ಜೀವದ ಮೇಲೆ ಮುನಿಸಿಕೊಂಡೆನಲ್ಲ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ನಾಯಿ ಡಾಕ್ಟರಮ್ಮ ಕಿವಿಯೊಳಗೆ ದೀಪ ಹಿಡಿದು ನೋಡಿದರು. "ಸೋಂಕಾಗಿ ಎರಡೂ ಕಿವಿ ಕಟ್ಕೊಂಡಿವೆ. ಕಿವಿ ಒಳಗಿನ ಪರದೆ ಚೆನ್ನಾಗೇ ಇದೆ, ಕೇಳ್ಸೋದು ವಾಪಸ್ ಬರಬಹುದು. ತಲೆ ಕೊಡವ್ತಾ ಇರ್ಲಿಲ್ವಾ?"

"ಕೊಡವ್ತಿದ್ದ ಮೇಡಂ. ನನ್ನ ಮೇಲೆ ಕೋಪ ಅಂದ್ಕೊಂಡೆ."

ಡಾಕ್ಟರಮ್ಮ ನಗಲಿಲ್ಲ. "ಅಷ್ಟು ದಿನ ಕೋಪ ಇಟ್ಕೊಳ್ಳೋಕೆ ನಾಯಿಗೆ ಬರಲ್ಲ. ನೋಡಿ, ದಿನ ಬಿಟ್ಟು ದಿನ ಈ ನೀರನ್ನ ಕಿವಿ ತುಂಬ ಬಿಡಿ, ಬುಡ ಮೆತ್ತಗೆ ನೀವಿ, ಆಮೇಲೆ ಅವನೇ ಕೊಡವ್ಲಿ. ಹೊರಗೆ ಬಂದಿದ್ದನ್ನ ಮಾತ್ರ ಹತ್ತಿಯಲ್ಲಿ ಒರೆಸಿ. ಈ ಹನಿ ದಿನಕ್ಕೆರಡು ಸಲ. ನಿಮ್ಮ ಚಿಮಟ, ಕಡ್ಡಿ ಯಾವ್ದೂ ಒಳಗೆ ಹೋಗ್ಬಾರ್ದು, ಗೊತ್ತಾಯ್ತಾ?"

ಅವನಿಗೆ ಕಷ್ಟವಾದದ್ದೇ ಅದು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತುವ ಕೈ, ಕಣ್ಣೆದುರು ಕೊಳೆ ಕಂಡರೆ ಸುಮ್ಮನಿರುವುದಿಲ್ಲ. ಚಿಮಟಗಳನ್ನೆಲ್ಲ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿಯೇ ನಾಯಿಯ ಮುಂದೆ ಕೂತ. ಮೊದಲ ದಿನ ಸಾಹೇಬ ಕೊಡವಿದ ಕೊಳೆಯೆಲ್ಲ ಅವನ ಕನ್ನಡಕಕ್ಕೇ ಸಿಡಿಯಿತು. "ಆಗ್ಲಿ ಸಾಹೇಬ್ರೇ, ನನಗೆ ಹಾಗೇ ಆಗ್ಬೇಕು," ಎಂದ. ಕೇಳದ ಕಿವಿಗೆ ದಿನವಿಡೀ ಮಾತಾಡುತ್ತಲೇ ಇದ್ದ.

ಹನ್ನೆರಡನೇ ದಿನ ಬೆಳಿಗ್ಗೆ ಷಟರ್ ಎತ್ತುವಾಗ ಹಿಂದಿನಿಂದ ಉಗುರುಗಳ ಟಕಟಕ ಕೇಳಿತು. ಸಾಹೇಬ ಓಡಿ ಬಂದಿದ್ದ! ಗಡಿಯಾರದವನು ಷಟರನ್ನು ಅರ್ಧಕ್ಕೇ ಬಿಟ್ಟು ನೆಲದ ಮೇಲೆ ಕೂತು ನಾಯಿಯನ್ನು ತಬ್ಬಿಕೊಂಡ. ಆ ಖುಷಿಯ ನಡುವೆಯೇ ಬಟ್ಟೆ ಹರವುತ್ತಿದ್ದ ಆ ಬೆನ್ನು ಕಣ್ಣ ಮುಂದೆ ಬಂದು ನಿಂತಿತು. ಅಮ್ಮನಿಗೂ ಅರವತ್ತು ತುಂಬುವ ಹೊತ್ತಿಗೆ ಕಿವಿ ಮಂದವಾಗಿತ್ತು. ಗೇಟಿನಲ್ಲಿ ನಿಂತು ಕರೆದ ಆ ದಿನ ಅಕ್ಕನಿಗೆ ಅರವತ್ತೊಂದು.

ಎತ್ತಿದ ಷಟರನ್ನು ಇಳಿಸಿ, ನಾಯಿಯನ್ನು ಕರೆದುಕೊಂಡು ಊರ ಆ ತುದಿಯವರೆಗೆ ನಡೆದೇ ಹೋದ. ಅಕ್ಕ ಅಂಗಳದಲ್ಲಿ ಕೂತು ಹೂವಿನ ಕುಂಡದ ಕಳೆ ಕೀಳುತ್ತಿದ್ದಳು. ಇವತ್ತೂ ಬೆನ್ನು ಗೇಟಿನ ಕಡೆಗೇ. ಆ ಬೆನ್ನು ತುಂಬ ಸಣ್ಣದಾಗಿತ್ತು. "ಅಕ್ಕಾ," ಎಂದ. ಅವಳು ತಿರುಗಲಿಲ್ಲ. ಈ ಸಲ ಅವನು ಗೇಟು ತೆಗೆದು ಒಳಗೆ ಹೋಗಿ, ಸುತ್ತಿ ಬಂದು ಅವಳ ಎದುರಿಗೆ ನಿಂತ.

ಅಕ್ಕ ತಲೆ ಎತ್ತಿದಳು. ಅವನನ್ನು ನೋಡಿದಳು, ನಾಯಿಯನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. ಕಣ್ಣು ತುಂಬಿ ಬಂತು.

"ಆರು ವರ್ಷ ಕಣೋ," ಎಂದಳು. "ಒಂದ್ಸಲ, ಒಂದೇ ಒಂದ್ಸಲ ಬಂದು ಅಕ್ಕಾ ಅಂತ ಕರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಕರೆದಿದ್ದೆ ಅಕ್ಕ," ಎಂದ.

"ಏನಂದೆ?"

ಗೇಟಿನಲ್ಲಿ ನಿಂತದ್ದು, ಮೂರು ಸಲ ಕರೆದದ್ದು, ಹಾಗೇ ಹಿಂತಿರುಗಿದ್ದು, ಎಲ್ಲ ನಾಲಿಗೆಯ ತುದಿಗೆ ಬಂತು. ಹೇಳಿದರೆ ಆ ಆರು ವರ್ಷದ ಭಾರ ಅವಳ ತಲೆಯ ಮೇಲೂ ಬೀಳುತ್ತದೆ. ನುಂಗಿಕೊಂಡ. ಅವಳ ಕಿವಿಯ ಹತ್ತಿರ ಬಗ್ಗಿ ಎಷ್ಟು ಜೋರಾಗಿ ಕೂಗಿದನೆಂದರೆ, ಸಾಹೇಬ ಬೆಚ್ಚಿ ಹಿಂದೆ ಸರಿದ.

"ತಪ್ಪಾಯ್ತು ಅಂದೆ!"

"ಅದಕ್ಯಾಕೋ ಹಾಗೆ ಕಿರುಚ್ತೀಯ?" ಎಂದಳು ಅಕ್ಕ. "ನಾನೇನು ಕಿವುಡೀನಾ?"