ಸಾಹುಕಾರನ ಬಾಯಾರಿಕೆ

ಕುಡಿದುಬಿಟ್ಟ ನಮ್ಮ ಸಾಹುಕಾರ! ಅದನ್ನು ಹೇಳದೆ ನನಗೆ ಊಟ ಸೇರುವುದಿಲ್ಲ.

ಸಾಹುಕಾರ ಎಂದರೆ ಮನುಷ್ಯನಲ್ಲ, ಗಂಟಲಡಿ ಮುಳ್ಳುಗಡ್ಡವಿರುವ, ಮೊಳದುದ್ದದ ಆಸ್ಟ್ರೇಲಿಯಾದ ಓತಿಕ್ಯಾತ. ಟಿ.ಬಿ. ಡ್ಯಾಂ ಕ್ವಾರ್ಟರ್ಸ್‌ನ ಗೆಳೆಯನಿಗೆ ವರ್ಗವಾಯಿತೆಂದು ನನ್ನ ಗಂಡ ಈಶ್ವರ್ ಅದನ್ನು ಗಾಜಿನ ಪೆಟ್ಟಿಗೆ ಸಮೇತ ಚಿತ್ತವಾಡ್ಗಿಯ ನಮ್ಮ ಮನೆಯ ಪಡಸಾಲೆಗೆ ತಂದಿಳಿಸಿದ. ದಿನಾ ಬೆಳಗಾದರೆ ಅವನು ಸಂಡೂರಿನ ಗಣಿ ಕೆಲಸಕ್ಕೆ. ಸಾಕುವವಳು ನಾನು, ಬೈಸಿಕೊಳ್ಳುವವಳೂ ನಾನೇ.

ಬೈಯುವವರು ನಮ್ಮತ್ತೆ ಸುವರ್ಣಮ್ಮ. "ಹಲ್ಲಿ ಮೈಮ್ಯಾಲೆ ಬಿದ್ರ ತಲಿಸ್ನಾನ ಮಾಡೋ ಮನಿ ಇದು. ಇಲ್ಲಿ ಇದನ್ನ ತಂದು ಕುಂದ್ರಿಸೀರಲ್ಲ," ಎಂದು ಮೂಗಿಗೆ ಸೆರಗು ಹಿಡಿದು, ಪಡಸಾಲೆಗೆ ಕಾಲಿಡದೆ ಹಿತ್ತಲಿಂದ ಸುತ್ತಿ ಓಡಾಡುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಆದರೂ ಬಾಯಿ ಬಿಗಿಹಿಡಿದಿದ್ದೆ. ನನಗೆ ಆ ಪ್ರಾಣಿಯ ಮೇಲೆ ಅಷ್ಟು ಜೀವ.

ಇವತ್ತು ಬೆಳಿಗ್ಗೆ ನೋಡಿದರೆ ಅದರ ಕಣ್ಣು ಒಳಗಿಳಿದಿದ್ದವು. ಪಕ್ಕೆಯ ಚರ್ಮ ಮೆಲ್ಲಗೆ ಎಳೆದು ಬಿಟ್ಟರೆ ಸುಕ್ಕು ಹಾಗೇ ನಿಂತಿತು. ಬಟ್ಟಲ ತುಂಬ ನೀರಿದ್ದರೂ ಮೂಸಿರಲಿಲ್ಲ. ಪ್ರಾಣಿಗಳ ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ.

"ನಿಂತ ನೀರು ಇವಕ್ಕ ಎಷ್ಟೋ ಸಲ ಗೊತ್ತ ಆಗಂಗಿಲ್ರಿ," ಎಂದರು ಅವರು. "ಹನಿ ಅಲುಗಾಡಿದ್ರ ನೆಕ್ತಾವ. ಮೂತಿ ತುದಿಗೆ ಹನಿಸ್ರಿ, ಬಾಯಾಗ ಸುರೀಬ್ಯಾಡ್ರಿ. ಮಧ್ಯಾಹ್ನದೊಳಗ ಕುಡೀಲಿಲ್ಲಂದ್ರ ಕರ್ಕೊಂಡು ಬರ್ರಿ. ತಡ ಆದ್ರ ಉಳಿಸೋದು ಕಷ್ಟ."

ಚಮಚ ಹಿಡಿದು ಕೂತೆ. ಮೇಲಿಂದ ಕೈ ಬಂದದ್ದೇ ತಡ, ಸಾಹುಕಾರ ಗಡ್ಡ ಕಪ್ಪಗೆ ಉಬ್ಬಿಸಿಕೊಂಡು ಮೂಲೆಗೆ ಓಡಿದ. ಮತ್ತೆ ಹನಿಸಿದೆ, ಮತ್ತೆ ಓಡಿದ.

"ಕುಡಿಯೋ ಯಪ್ಪಾ, ಕೈ ಮುಗೀತೀನಿ," ಎಂದೆ. ಅಳುವೇ ಬಂತು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಡಾಕ್ಟರ ಮಾತು ಅವರಿಗೂ ಕೇಳಿಸಿತ್ತು.

"ನಿನ್ನ ಕೈ ಕಂಡು ಹೆದರ್ತದ ಅದು," ಎಂದರು. "ಕೈ ಇಲ್ದಂಗ ಹನಿ ಬೀಳಬೇಕು, ಅಷ್ಟ ಹೌದಲ್ಲ?"

ನಾನು ತಲೆಯಾಡಿಸುವುದರೊಳಗೆ ದೇವರ ಮನೆಗೆ ಹೋಗಿ ಧಾರಾಪಾತ್ರೆ ಹಿಡಿದು ಬಂದರು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಪಾತ್ರೆ ಅದು. ಬೇಸಿಗೆಯುದ್ದಕ್ಕೂ ನಮ್ಮ ಮನೆಯ ಲಿಂಗದ ಮೇಲೆ ತೊಟ್ಟಿಕ್ಕುತ್ತಿರುತ್ತದೆ. ಮಡಿಯಿಲ್ಲದೆ ನನಗೂ ಮುಟ್ಟಲು ಬಿಡುತ್ತಿರಲಿಲ್ಲ. ಅದನ್ನು ಪಡಸಾಲೆಗೆ ತಂದು, ತೊಟ್ಟಿಲು ಕಟ್ಟುವ ಕೊಂಡಿಗೆ ತಾವೇ ತೂಗುಬಿಟ್ಟರು. ನಾನು ಪೆಟ್ಟಿಗೆಯನ್ನು ಅದರ ಕೆಳಗೆ ಸರಿಸಿದೆ. ಇಬ್ಬರೂ ದೂರ ಹೋಗಿ ಗೋಡೆಗೊರಗಿ ಉಸಿರು ಬಿಗಿಹಿಡಿದು ಕೂತೆವು.

ಸ್ವಲ್ಪ ಹೊತ್ತಿಗೆ ಸಾಹುಕಾರ ತನ್ನ ಕಲ್ಲು ಹತ್ತಿದ. ಒಂದು ಹನಿ ಕಲ್ಲಿನ ಮೇಲೆ ಸಿಡಿಯಿತು. ಕಣ್ಣು ಹೊರಳಿಸಿದ. ಇನ್ನೊಂದು ಅವನ ನೆತ್ತಿಗೆ ಬಿದ್ದು, ಮೂತಿಯವರೆಗೆ ಜಾರಿ, ತುದಿಯಲ್ಲಿ ನಡುಗುತ್ತ ನಿಂತಿತು.

ನಾಲಿಗೆ ಹೊರಬಂತು.

"ನೆಕ್ಕಿತು ನೋಡ್ಲೇ," ಎಂದು ಅತ್ತೆ ಪಿಸುಗುಟ್ಟಿ ನನ್ನ ಮಣಿಕಟ್ಟನ್ನು ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದರು. ಅದು ಮತ್ತೆ ನೆಕ್ಕಿತು, ಮತ್ತೆ, ಮತ್ತೆ. ಖುಷಿ ತಡೆಯಲಾಗದೆ ಅತ್ತೆಯನ್ನು ತಬ್ಬಿಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

ಅದು ಸಾಕೆಂದು ಮುಖ ತಿರುಗಿಸಿದ ಮೇಲೆ ನಾನೆದ್ದೆ. "ಪಾತ್ರಿ ತೊಳದು ಕೊಡ್ತೀನ್ರಿ ಅತ್ತಿ, ದೇವ್ರಿಗೆ ಬೇಕಲ್ಲ."

"ಇಲ್ಲೇ ಇರ್ಲಿ ಬಿಡು," ಎಂದರು ಅತ್ತೆ, ಸಾಹುಕಾರನ ಮೇಲಿನ ಕಣ್ಣು ಕೀಳದೆ. "ದೇವ್ರಿಗೆ ನಾನ ಕೈಲೆ ಎರೀತೀನಿ. ಆತ ನನ್ನ ಕೈ ಕಂಡು ಓಡಿಹೋಗಂಗಿಲ್ಲ."