ಐದಕ್ಕೆ ಐದು

ಯಾವ ವೆಬ್‌ಸೈಟನ್ನು ನಂಬಬಹುದು, ಯಾವುದನ್ನು ನಂಬಬಾರದು ಎಂದು ಗ್ರಂಥಪಾಲಕಿ ಪ್ರತಿ ಶನಿವಾರ ಹಿರಿಯರಿಗೆ ಪಾಠ ಮಾಡುತ್ತಿದ್ದಳು. ಬರೆದವರ ಹೆಸರು, ಓದು, ಫೋಟೊ, ವಿಳಾಸ, ತಾರೀಖು ಇದ್ದರೆ ಐದಕ್ಕೆ ಐದು ಅಂಕ. ಮುಂದಿನ ಬೆಂಚಿನಲ್ಲಿ ಅವಳ ತಾಯಿ, ಹಿಂದಿನದರಲ್ಲಿ ತಮ್ಮ. ಔಷಧಿ ಮಾರುವವರಿಗೆ ವೆಬ್‌ಸೈಟ್ ಮಾಡಿಕೊಡುವುದು ಅವನ ಕಸುಬು. ಅವನು ಇಷ್ಟು ಶ್ರದ್ಧೆಯಿಂದ ಬರೆದುಕೊಂಡದ್ದನ್ನು ತಾಯಿ ಅವನ ಶಾಲೆಯ ದಿನಗಳಲ್ಲೂ ಕಂಡಿರಲಿಲ್ಲ.

ಮರುವರ್ಷ ತಾಯಿಯ ದೃಷ್ಟಿ ಹೋಯಿತು. ಕಣ್ಣಿನ ಒತ್ತಡಕ್ಕೆಂದು ಡಾಕ್ಟರು ಕೊಟ್ಟ ಹನಿ ಬಿಟ್ಟು ಯಾವುದೋ ಬೇರಿನ ಪುಡಿ ತಿನ್ನುತ್ತಿದ್ದಳಂತೆ.

“ಯಾರಮ್ಮ ನಿಂಗೆ ಹೇಳಿದ್ದು?”

“ವೆಬ್‌ಸೈಟು ಕಣೇ. ನೀನು ಹೇಳ್ಕೊಟ್ಟ ಹಾಗೇ ನೋಡ್ದೆ. ಐದಕ್ಕೆ ಐದು ಬಂತು!”

ಗ್ರಂಥಪಾಲಕಿ ಆ ಪುಟ ತೆರೆದಳು. ಯಾರೋ ಡಾಕ್ಟರ ಹೆಸರು, ಓದು, ಫೋಟೊ, ವಿಳಾಸ, ತಾರೀಖು: ಅವಳದೇ ಪಟ್ಟಿ, ಅದೇ ಕ್ರಮದಲ್ಲಿತ್ತು. ತಮ್ಮನನ್ನು ಕರೆದು ತೋರಿಸಿದಳು.

“ಅಮ್ಮ ಓದ್ತಾಳೆ ಅಂತ ನಂಗೇನು ಕನಸು ಬಿದ್ದಿತ್ತಾ ಅಕ್ಕಾ? ಅಂಥ ಡಾಕ್ಟರು ಯಾರೂ ಇಲ್ಲ, ನಿಜ. ಮಿಕ್ಕಿದ್ದೆಲ್ಲ ನೀನು ಹೇಳಿದ್ದೇ.”

ಮುಂದಿನ ಶನಿವಾರವೂ ತಾಯಿ ಅದೇ ಬೆಂಚಿಗೆ ತಡವರಿಸಿಕೊಂಡು ಬಂದು ಕೂತಳು. ಮಗಳು ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತಳು.

“ಬೋರ್ಡ್ ಮೇಲೆ ಏನ್ ಬರೆದ್ಯೇ? ಸ್ವಲ್ಪ ಓದಿ ಹೇಳಮ್ಮ.”

ಬೋರ್ಡು ಖಾಲಿಯಿತ್ತು.